ಪತ್ರಿಬಲ್‌ನ ಕಡತ

ಕೋರ್ಟ್ ಮಾರ್ಷಲ್ ಅಂದರೆ ಮುಲಾಜಿಲ್ಲದ ನ್ಯಾಯ ಅಂತ ನಮ್ಮಲ್ಲೊಂದು ನಂಬಿಕೆ. ಪತ್ರಿಬಲ್ ನೆನಪಾದಾಗಲೆಲ್ಲ ನನ್ನ ಆ ನಂಬಿಕೆ ಅಲುಗಾಡುತ್ತದೆ.

2000ದ ಮಾರ್ಚ್. ಛಿತ್ತಿಸಿಂಗ್‌ಪುರದಲ್ಲಿ ಸಿಖ್ಖರ ಹತ್ಯೆಯಾಗಿ ಇನ್ನೂ ವಾರ ಕಳೆದಿರಲಿಲ್ಲ. ಕಾಶ್ಮೀರದ ಪತ್ರಿಬಲ್‌ನಲ್ಲಿ ಸೇನೆಯವರು ಐವರನ್ನು ಕೊಂದು, ಆ ಹತ್ಯೆ ಮಾಡಿದ ಉಗ್ರರು ಇವರೇ ಎಂದರು. ಆಮೇಲೆ ನೋಡಿದರೆ ಸತ್ತವರು ಸುತ್ತಲ ಹಳ್ಳಿಗಳ ಸಾಮಾನ್ಯರು. 2006ರಲ್ಲಿ ಸಿಬಿಐ ಸೇನಾಧಿಕಾರಿಗಳ ಮೇಲೆ ಆರೋಪಪಟ್ಟಿ ಸಲ್ಲಿಸಿತು. ವಿಚಾರಣೆ ಯಾರು ನಡೆಸಬೇಕೆಂಬ ಜಗ್ಗಾಟವೇ 2012ರವರೆಗೆ ಎಳೆಯಿತು. ಆಯ್ಕೆ ಸೇನೆಯದು ಎಂದಿತು ಸುಪ್ರೀಂ ಕೋರ್ಟ್. ಸೇನೆ ತನ್ನ ಕಾನೂನನ್ನೇ ಆರಿಸಿಕೊಂಡಿತು; 2014ರ ಜನವರಿಯಲ್ಲಿ, ಕೋರ್ಟ್ ಮಾರ್ಷಲ್ ಶುರುವಾಗುವ ಮೊದಲೇ, ಸಾಕಷ್ಟು ಸಾಕ್ಷ್ಯವಿಲ್ಲವೆಂದು ಕಡತ ಮುಚ್ಚಿತು.

ಸಾಕ್ಷ್ಯ ನಿಜಕ್ಕೂ ಸಾಲದೇ ಇದ್ದಿರಬಹುದು. ಆದರೆ ಸಿಬಿಐಗೆ ಕಂಡದ್ದು ಸೇನೆಗೆ ಯಾಕೆ ಕಾಣಲಿಲ್ಲ ಎಂದು ಕೇಳಿದವರ ಕೈಗೆ ಕೊಡಲು ಒಂದು ತೀರ್ಪಾದರೂ ಬೇಕಲ್ಲ?

2010ರ ಮಾಚಿಲ್ ನಕಲಿ ಎನ್‌ಕೌಂಟರ್‌ನಲ್ಲಿ ಇದೇ ಸೇನೆ ತನ್ನವರಿಗೇ ಜೀವಾವಧಿ ವಿಧಿಸಿತ್ತು (ಅದನ್ನೂ ಹೇಳಲೇಬೇಕು). 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಐವರ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಾಗ ನನಗೆ ಸಿಟ್ಟು ಬಂದದ್ದು ನಿಜ. ಆದರೂ ಅಲ್ಲೊಂದು ಆದೇಶವಿತ್ತು, ಕಾರಣಗಳಿದ್ದವು, ಪತ್ರಿಕೆಗಳಲ್ಲಿ ಅವುಗಳ ಮೇಲೆ ಜಗಳವಾಯಿತು. ಪತ್ರಿಬಲ್‌ನಲ್ಲಿ ಸತ್ತವರ ಮನೆಯವರಿಗೆ ಜಗಳವಾಡಲೂ ಏನೂ ಸಿಗಲಿಲ್ಲ. ಅವರು ಮತ್ತೆ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.