ಗೆರೆಯ ಕೆಳಗಿನ ಜಾಗ

ಮಧುಗಿರಿಯಿಂದ ಪಾವಗಡಕ್ಕೆ ನೇರವಾಗಿಯೂ ಹೋಗಬಹುದು, ಶಿರಾ ಬಳಸಿಕೊಂಡೂ ಹೋಗಬಹುದು. ಸೇರುವ ಊರು ಒಂದೇ, ಬಸ್ ಚಾರ್ಜು ಬೇರೆ. ಪಿಯುಸಿ ಮಕ್ಕಳಿಗೆ ಅನಿಲ ಮಾಡುವ ಕೆಲಸದ ಲೆಕ್ಕವನ್ನು ನಾನು ಶುರು ಮಾಡುವುದು ಹೀಗೆ. ಅಡ್ಡಕ್ಕೆ ಗಾತ್ರ, ಮೇಲಕ್ಕೆ ಒತ್ತಡ. ಗೆರೆಯ ಕೆಳಗಿನ ವಿಸ್ತೀರ್ಣವೇ ಕೆಲಸ. ದಾರಿ ಬದಲಾದರೆ ಕೆಲಸವೂ ಬದಲು. 1834ರಲ್ಲಿ ಫ್ರಾನ್ಸಿನ ಕ್ಲಾಪೇರಾನ್, ಕಾರ್ನೋನ ಎಂಜಿನ್ ವಿಚಾರವನ್ನು ಇಂಥ ಚಿತ್ರದಲ್ಲೇ ಬಿಡಿಸಿ ತೋರಿಸಿದ.

1 ಲಕ್ಷ ಪಾಸ್ಕಲ್ ಒತ್ತಡದಲ್ಲೇ ಅನಿಲ 2 ಲೀಟರಿನಿಂದ 5 ಲೀಟರಿಗೆ ಹಿಗ್ಗಿದರೆ 300 ಜೂಲ್. "ಅಂದ್ರೆ ಎಷ್ಟು ಸಾರ್?" ಎಂದಳು ಕೊರಟಗೆರೆ ಕಡೆಯ ಹುಡುಗಿ. ಹೆಚ್ಚುಕಮ್ಮಿ 15 ಲೀಟರ್ ನೀರಿನ ಕೊಡವನ್ನು 2 ಮೀಟರ್ ಎತ್ತಿದಷ್ಟು, ಎಂದೆ.

"ನಮ್ಮಮ್ಮ ದಿನಾ ಹತ್ತು ಕೊಡ ಹೊರ್ತಾಳೆ. 3,000 ಜೂಲ್. ಅಷ್ಟೇನಾ?"

ಒಂದು ಕಿಲೋಕ್ಯಾಲರಿಯೂ ಆಗಲಿಲ್ಲ. ಕ್ಲಾಸು ಸುಮ್ಮನಾಯಿತು. ಕೊಡದ ಲೆಕ್ಕ ಎತ್ತರವನ್ನಷ್ಟೇ ನೋಡುತ್ತದೆ, ನಡೆದ ದೂರವನ್ನಲ್ಲ ಎಂದೆ. ಆದರೆ ಅಮ್ಮ ಕೊಡವಲ್ಲ. ಮುದ್ದೆ ಉಂಡು ಉರಿಸುವ ಮೈ ದಾರಿಗೂ ಬೆಲೆ ತೆರುತ್ತದೆ. ಡೀಸೆಲ್ ಎಂಜಿನ್ನಿನ ಗಾಳಿಯೂ ಚಿತ್ರದಲ್ಲಿ ಕುಗ್ಗಿ, ಬಿಸಿಯಾಗಿ, ಹಿಗ್ಗಿ, ಹೊರಟ ಬಿಂದುವಿಗೇ ಮರಳುತ್ತದೆ. ಆದರೂ ಸುತ್ತಿನೊಳಗೆ ಸಿಕ್ಕ ಜಾಗ ಸೊನ್ನೆಯಲ್ಲ.

ಅವಳು ನೋಟ್‌ಬುಕ್ಕಿನಲ್ಲಿ ಆ ಸುತ್ತು ಬರೆದು, ಒಳಗೆಲ್ಲ ಪೆನ್ಸಿಲಿನಿಂದ ತುಂಬುತ್ತಾ ಕೂತಳು.