ತೊಗಲು ಎಣ್ಣೆ ಕೇಳುತ್ತದೆ

ತೊಗಲು ಸತ್ತ ಮೇಲೂ ಎಣ್ಣೆ ಕೇಳುತ್ತದೆ. ಕೊಡದಿದ್ದರೆ ಸೀಳುತ್ತದೆ. ಈ ಮಾತು ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಲಿಲ್ಲ. ನಮ್ಮ ಮಾದಿಗರ ಕೇರಿಯಲ್ಲಿ ಸಿಕ್ಕಿತು.

ಸುಣ್ಣದ ನೀರಲ್ಲಿ ಕೂದಲು ಬಿಡಿಸಿ, ತಂಗಡಿ ಚಕ್ಕೆಯ ನೀರಲ್ಲಿ ದಿನಗಟ್ಟಲೆ ನೆನೆಹಾಕಿದರೆ ಹಸಿ ತೊಗಲು ಹದಗೊಂಡು ಕಂದಾಗುತ್ತದೆ. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾದಿಗರ ಈ ಕಸುಬನ್ನೂ ಬರೆದಿಟ್ಟ. ಅವನು ಸ್ಕಾಟ್ಲೆಂಡಿನವನು. ಹಿಂದಿನ ವರ್ಷ, 1799ರ ಮೇ 4ರಂದು, ಕಾವೇರಿ ದಾಟಿ ಟಿಪ್ಪುವಿನ ಕೋಟೆಗೆ ನುಗ್ಗಿದವರಲ್ಲೂ ಸ್ಕಾಟ್ಲೆಂಡಿನ 73, 74ನೇ ಪಟಾಲಮುಗಳಿದ್ದವು. ಆ ನಾಡಿನ ಗಂಡಸರು ಮೊಣಕಾಲುದ್ದದ ಕಿಲ್ಟ್ ಎಂಬ ನೆರಿಗೆಬಟ್ಟೆ ಉಟ್ಟು, ಹಗಲಿನ ಸಮಾರಂಭಕ್ಕೆ ಕಂದು ಚರ್ಮದ ಬೂಟು ಹಾಕುವುದುಂಟು. ಪಂಚೆ ಎತ್ತಿಕಟ್ಟಿ, ಕಂದು ಎಕ್ಕಡ ಕಿರುಗುಟ್ಟಿಸುತ್ತ ನಡೆವ ಗೌಡರನ್ನು ಕಂಡ ನಮಗೆ ಇದೇನು ಹೊಸದಲ್ಲ. ಅಲ್ಲಿ ಕಿಲ್ಟಿನ ಚೌಕುಳಿ ಕುಲ ಹೇಳಿತು. ನಮ್ಮಲ್ಲಿ ಬರಿಗಾಲು ಕುಲ ಹೇಳಿತು.

ಗೌಡರ ಎಕ್ಕಡ ಹೊಲಿದವನು ನಮ್ಮಪ್ಪ. ಸುಗ್ಗಿಯಲ್ಲಿ ಕಣದಲ್ಲಿ ಕೊಡುವ ಆಯದ ರಾಗಿಗಾಗಿ ಹೊಲಿಯುತ್ತಿದ್ದ. ಹರಳೆಣ್ಣೆ ಸವರಿ, ಮಗುವಿನ ಮೈ ನೀವುವಂತೆ ನೀವಿ ಕೊಟ್ಟು ಬರುತ್ತಿದ್ದ. ಆ ಬೀದಿ ಬಂದರೆ ತನ್ನ ಎಕ್ಕಡ ಕಂಕುಳಿಗೆ.

"ನಾವು ಹೊಲ್ದಿದ್ದ ನಾವೇ ಮೆಟ್ಬಾರ್ದಾ ಅಪ್ಪಾ?" ಅಂದೆ.

"ಸುಮ್ಕಿರ್ಲಾ ಮಗಾ, ಕಾಲ್ಗಿಂತ ರಾಗಿ ದೊಡ್ದು" ಅಂದ.

ಮೇಷ್ಟ್ರಾಗಿ ಮೊದಲ ಸಂಬಳದಲ್ಲಿ ಕಂದು ಬೂಟು ಕೊಂಡೆ. ಸಾಕುವುದನ್ನು ಅಪ್ಪನೇ ಕಲಿಸಿದ. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಲ್ಲಿ ಕೆಸರು, ತೇವ, ಬೂಷ್ಟು ಹಿಡಿಯುತ್ತದೆ. ಒದ್ದೆಬಟ್ಟೆಯಲ್ಲಿ ಒರೆಸಿ, ಒಳಗೆ ಹಳೇ ಪೇಪರು ತುರುಕಿ, ನೆರಳಲ್ಲಿ ಆರಲು ಬಿಡಬೇಕು. ಬಿಸಿಲಿಗೋ ಒಲೆ ಪಕ್ಕಕ್ಕೋ ಇಟ್ಟರೆ ಸೆಟೆದುಕೊಂಡು ಬಿರಿಯುತ್ತದೆ. ನಾಗಮಂಗಲದ ಬೆದ್ದಲು ಸೀಮೆಯಲ್ಲಿ ಧೂಳು, ತೊಗಲು ಒಣಗುತ್ತದೆ. ಅಲ್ಲಿ ದಿನಾ ಬ್ರಷ್ಷು, ಆಗಾಗ ಬೆರಳ ತುದಿಯಷ್ಟು ಹರಳೆಣ್ಣೆ. ಹೆಚ್ಚಾದರೆ ಕಂದು ಕಪ್ಪಾಗುತ್ತದೆ, ಪಾಲಿಶು ಕೂರುವುದಿಲ್ಲ. ಇಂದು ಮೆಟ್ಟಿದ್ದಕ್ಕೆ ನಾಳೆ ಬಿಡುವು ಕೊಡಬೇಕು, ಒಳಗಿನ ಬೆವರು ಆರಬೇಕು.

ಬೂಟಿಗೂ ಬಿಡುವು ಬೇಕೆಂದು ಬಲ್ಲ ಆ ಕೈಗೆ ಒಂದು ದಿನ ಬಿಡುವಿರಲಿಲ್ಲ.

ಇದೆಲ್ಲ ಹಳೇ ಕತೆ ಅನ್ನುವವರು ಕಾನೂನು ಓದಲಿ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಯಿತು. 2016ರ ಜನವರಿ 26ರಿಂದ ಜಾರಿಗೆ ಬಂತು. ಸಾರ್ವಜನಿಕ ಜಾಗದಲ್ಲಿ ಪರಿಶಿಷ್ಟರು ಪಾದರಕ್ಷೆ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆಯುವುದು ಅಪರಾಧವೆಂದು ಅದರಲ್ಲಿ ಬಿಡಿಸಿ ಬರೆದಿದೆ. ಮೆಟ್ಟುವ ಹಕ್ಕನ್ನು ಸ್ವತಂತ್ರ ದೇಶ ಈ ಶತಮಾನದಲ್ಲಿ ಬರೆಯಬೇಕಾಯಿತೆಂದರೆ, ಯಾರದೋ ಕಾಲು ಇನ್ನೂ ಬರಿದಾಗಿತ್ತು ಎಂದೇ ಅರ್ಥ.

ಗೆಳೆಯರೇ, ನಿಮ್ಮ ಬೂಟು ನೀವೇ ಒರೆಸಿ, ಮಕ್ಕಳಿಗೂ ಕಲಿಸಿ. ಅಟ್ಟೆ ಕಿತ್ತುಬಂದು ಕೆ.ಆರ್. ಪೇಟೆಯ ಬೀದಿಬದಿಯಲ್ಲಿ ಹೊಲಿಯಲು ಕೂತವನ ಬಳಿ ಹೋದಾಗ ಕಾಲಿಂದ ಜಾಡಿಸಿ ಬಿಡಬೇಡಿ. ಬಗ್ಗಿ, ಕೈಯಾರೆ ಕೊಡಿ. "ಅಣ್ಣಾ" ಅನ್ನಿ.