ಬೇಸಗೆಯ ಕಾಯಕ

ಗಣಕಯಂತ್ರಕ್ಕೆ ಬರೆದ ಆದೇಶಗಳ ಮೂಲಪಾಠವನ್ನು ಮುಚ್ಚಿಟ್ಟು, ಅದರ ಫಲವನ್ನಷ್ಟೇ ಮಾರುವುದು ಲೋಕರೂಢಿ. ಇದಕ್ಕೆ ಹೊರತಾದ ಪಂಥವೊಂದು ಆ ಕ್ಷೇತ್ರದಲ್ಲಿಯೇ ಇದೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆ, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಪಂಥಕ್ಕೆ ಬುನಾದಿ ಹಾಕಿದವು. ಇಲ್ಲಿ ಮೂಲಪಾಠವನ್ನು ಯಾರೂ ಓದಬಹುದು, ತಿದ್ದಬಹುದು, ಪರರಿಗೆ ಹಂಚಬಹುದು. ತಾಳೆಗರಿಗಳ ನಡುವೆ ಕಣ್ಣು ಸವೆಸಿದ ನಮಗೆ ಹಲವು ಕೈ ತಿದ್ದಿದ ಪಾಠ ಹೊಸದಲ್ಲ. ಆದರೆ ಅಲ್ಲಿ ತಿದ್ದಿದವರಾರು, ಏಕೆ ತಿದ್ದಿದರು ಎಂಬುದೆಲ್ಲವೂ ದಾಖಲಾಗಿರುತ್ತದೆ. ನಮ್ಮ ಲಿಪಿಕಾರರಿಗೆ ಈ ಶಿಸ್ತು ಇದ್ದಿದ್ದರೆ ವಚನ ಸಂಪಾದಕರ ಎಷ್ಟು ಆಯುಷ್ಯ ಉಳಿಯುತ್ತಿತ್ತೋ!

ಈ ಕಾರ್ಯಕ್ಕೆ ತರುಣರನ್ನು ಕರೆತರಲು ಗೂಗಲ್ ಸಂಸ್ಥೆ 2005ರಲ್ಲಿ 'ಸಮ್ಮರ್ ಆಫ್ ಕೋಡ್' ಎಂಬ ಯೋಜನೆಯನ್ನು ಆರಂಭಿಸಿತು. ಅಭ್ಯರ್ಥಿಯು ತಾನು ಮಾಡಲಿರುವ ಕೆಲಸದ ವಿವರವನ್ನು ಬರೆದು ಮುಕ್ತ ತಂತ್ರಾಂಶದ ಬಳಗವೊಂದಕ್ಕೆ ಸಲ್ಲಿಸಬೇಕು. ಆಯ್ಕೆಯಾದವನಿಗೆ ಒಬ್ಬ ಮಾರ್ಗದರ್ಶಕ ದೊರೆಯುತ್ತಾನೆ. ಕೆಲಸ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ವೇತನ. 2022ರಿಂದ ವಿದ್ಯಾರ್ಥಿಯೇ ಆಗಿರಬೇಕೆಂಬ ನಿಯಮವಿಲ್ಲ. ಹದಿನೆಂಟು ತುಂಬಿದ ಹೊಸಬರೂ ಸೇರಬಹುದು. ಪರವೂರಿನ ಅಪರಿಚಿತನೊಬ್ಬನನ್ನು ತಿದ್ದಲು ತನ್ನ ವಿರಾಮದ ವೇಳೆಯನ್ನು ಕೊಡುವ ಆ ಮಾರ್ಗದರ್ಶಕನೇ ಈ ಏರ್ಪಾಡಿನ ಜೀವಾಳವೆಂದು ನಮ್ಮ ಭಾವನೆ.

ನಾವು ಓದಿದ ಮಠದ ಪ್ರಸಾದನಿಲಯದಲ್ಲಿರುವ ಹುಡುಗನೊಬ್ಬ ಇದಕ್ಕೆ ಅರ್ಜಿ ಹಾಕಲು ಮನಸ್ಸು ಮಾಡಿದ. ಅರ್ಜಿಗೆ ಮುನ್ನವೇ ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಿ ಬಳಗದವರ ವಿಶ್ವಾಸ ಗಳಿಸುವುದು ರೂಢಿಯಂತೆ. ಕನ್ನಡದ ಒತ್ತಕ್ಷರಗಳು ತೆರೆಯ ಮೇಲೆ ಒಡೆದು ಕಾಣುತ್ತಿದ್ದ ದೋಷವನ್ನು ಅವನು ಆರಿಸಿಕೊಂಡ. ಕಳುಹಿಸಿದ ತಿದ್ದುಪಡಿ ಮೂರು ಸಲ ಹಿಂತಿರುಗಿತು. ಅವನು ನೊಂದು ಆ ಟಿಪ್ಪಣಿಗಳನ್ನು ನಮಗೆ ಓದಿ ಹೇಳಿದ. ಪ್ರತಿಯೊಂದಕ್ಕೂ ಕಾರಣವಿತ್ತು, ಒಂದೂ ಕಟುಮಾತಿರಲಿಲ್ಲ. ನಮ್ಮ ಕಾಲದ ಪಾಠಶಾಲೆಯಲ್ಲಿ ಕಾರಣಕ್ಕಿಂತ ಬೆತ್ತವೇ ಮೊದಲು ಬರುತ್ತಿತ್ತು.

ಅಷ್ಟರಲ್ಲಿ ಅವನ ತಂದೆ ಬಂದರು. ಒಣಬೇಸಾಯದವರು, ಮುಂಗಾರಿನ ಬಿತ್ತನೆಗೆ ಮಗ ಬೇಕು. "ಗುರುಗಳ, ಇದರಾಗ ರೊಕ್ಕ ಏನರ ಬರ್ತೈತೇನ್ರಿ?" ಎಂದರು. ಆಯ್ಕೆಯಾದರೆ ಬರುತ್ತದೆ, ಆಗದಿದ್ದರೆ ಇಲ್ಲ ಎಂದೆವು. ಅವರ ಪ್ರಶ್ನೆಯಲ್ಲಿ ಲೋಭವಿರಲಿಲ್ಲ. ಕಾಯಕಕ್ಕೆ ಪ್ರತಿಫಲವೇ ಕೂಡದೆಂದು ಶರಣರು ಹೇಳಿದವರಲ್ಲ. ದುಡಿದು ಬಂದುದರಲ್ಲಿ ದಾಸೋಹ ನಡೆಯಲೆಂದರು. ಬಡವನ ಮಗನಿಗೆ ಉಚಿತ ಸೇವೆಯ ಉಪದೇಶ ಮಾಡುವುದು ಉಂಡವರಿಗೆ ಸುಲಭ.

ಇನ್ನೊಂದು ಸಂಗತಿಯನ್ನು ತಾಯಂದಿರು ಗಮನಿಸಬೇಕು. 2006ರಲ್ಲಿ ಇದೇ ಯೋಜನೆಯಡಿ ಗ್ನೋಮ್ ಎಂಬ ಬಳಗಕ್ಕೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಒಂದೂ ಹೆಣ್ಣುಮಕ್ಕಳದಾಗಿರಲಿಲ್ಲ. ಬಳಗದವರು ಅದೇ ವರುಷ ಹೆಣ್ಣುಮಕ್ಕಳಿಗೆಂದೇ ಪ್ರತ್ಯೇಕ ಏರ್ಪಾಡು ಮಾಡಿದರು. ಮುಂದೆ ಬೆಳೆದು ಅದು 'ಔಟ್‌ರೀಚಿ' ಎಂಬ ಹೆಸರು ಪಡೆಯಿತು. ನಮ್ಮ ವಿದ್ಯಾಸಂಸ್ಥೆಗಳ ಬಾಲಿಕಾ ವಸತಿನಿಲಯಗಳಲ್ಲಿ ಈ ವಾರ್ತೆಯನ್ನು ಯಾರಾದರೂ ಹೇಳುತ್ತಿರುವರೇ?

ಹುಡುಗನಿಗೆ ಆ ಸಲ ಆಯ್ಕೆ ದೊರೆಯಲಿಲ್ಲ. ಬಿತ್ತನೆಗೆ ಊರಿಗೆ ಹೋದ. ನಾಲ್ಕನೆಯ ಸಲ ಕಳುಹಿಸಿದ ತಿದ್ದುಪಡಿಯನ್ನು ಬಳಗದವರು ಒಪ್ಪಿಕೊಂಡ ಸುದ್ದಿ ಅವನಿಗೆ ಹೊಲದಲ್ಲಿದ್ದಾಗಲೇ ಬಂದಿತಂತೆ. ಈಗ ಮತ್ತೊಂದು ಅರ್ಜಿ ಸಿದ್ಧಪಡಿಸುತ್ತಿದ್ದಾನೆ. ಅದರ ಕರಡನ್ನು ತಂದೆಗೆ ಕನ್ನಡದಲ್ಲಿ ಓದಿ ಹೇಳಿದ್ದಾನೆ.